ೞಕಾರದ ವೃತ್ತಾಂತ

ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟಗಳ ಮಾರ್ಗವಾಗಿ ದಕ್ಷಿಣಕ್ಕೆ ಪ್ರಯಾಣ ಮಾಡುವವರು ತೋಲ್ಪೆಟ್ಟಿಯ ಬಳಿ ಗಡಿಯನ್ನು ದಾಟಿ ವಯನಾಡನ್ನು ಪ್ರವೇಶಿಸುವರು. ಗಡಿಯ ಈಚೆಗೆ ಬೀಳುವುದು ಮಳೆ. ಆಚೆಗೆ ಅದೇ ಮೋಡದಿಂದ ಬೀಳುವುದು ಮೞ. ಈಚೆಗೆ ಹರಿಯುವುದು ಹೊಳೆ; ಆಚೆಗೆ ಅದು ಪುೞ. ಈಚೆಗೆ ಕೋಳಿ, ಆಚೆಗೆ ಕೋೞಿ. ಈಚೆಗೆ ಏಳು, ಆಚೆಗೆ ಏೞ್. ಕೊಡವ ತಕ್ಕಿನಲ್ಲಿಯೂ ಮಳೆ, ಪೊಳೆ, ಕೋಳಿ ಎಂದು ಳಕಾರವೇ ಕೇಳಿಬರುವುದಲ್ಲದೆ ಮಲಯಾಳದ ಆ ವಿಶೇಷಧ್ವನಿಯು ಕೇಳಿಬರುವುದಿಲ್ಲ. ಈ ಧ್ವನಿಯನ್ನು ಮಲಯಾಳಿಗಳೂ ತಮಿೞರೂ ತಮ್ಮ ಭಾಷೆಗಳ ಭೂಷಣವೆಂದು ಎಣಿಸಿ ಅದಕ್ಕೆ ಪ್ರತ್ಯೇಕವಾದ ಅಕ್ಷರವನ್ನು ಇಂದಿನವರೆಗೂ ಉಳಿಸಿಕೊಂಡು ಬಂದಿರುವರು. ಕನ್ನಡದಲ್ಲಿಯೂ ಪೂರ್ವದಲ್ಲಿ ಇದೇ ಧ್ವನಿಯಿದ್ದಿತು, ಇದಕ್ಕೆ ಅಕ್ಷರವಿದ್ದಿತು, ವೈಯಾಕರಣರು ಕೊಟ್ಟ ಹೆಸರೂ ಇದ್ದಿತು. ಆ ಧ್ವನಿಯು ಲೋಪವಾದ ಬಗೆಯನ್ನೂ, ಆ ಅಕ್ಷರವು ಗಣಕಯಂತ್ರದ ಯುಗದಲ್ಲಿ ಪುನಃ ಸ್ಥಾನವನ್ನು ಪಡೆದೂ ಪರರ ಹೆಸರಿನಿಂದ ಕರೆಯಲ್ಪಟ್ಟ ಬಗೆಯನ್ನೂ ಇಲ್ಲಿ ನಿರೂಪಿಸಲಾಗುವುದು.

ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅದು ಮೂರ್ಧಸ್ಥಾನವನ್ನು ಮುಟ್ಟದಂತೆ ನಿಲ್ಲಿಸಿ, ಉಸಿರನ್ನು ತಡೆಯಿಲ್ಲದೆ ಬಿಟ್ಟರೆ ಹುಟ್ಟುವ ಘೋಷಧ್ವನಿಯೇ ೞಕಾರ. ನಾಲಗೆಯು ಅಂಗುಳನ್ನು ಮುಟ್ಟಿದರೆ ಅದು ಳಕಾರವಾಗುವುದು. ನಾಲಗೆ ಮುಂದಕ್ಕೆ ಸರಿದರೆ ರೇಫಕ್ಕೆ ಸಮೀಪವಾಗುವುದು. ಹೀಗೆ ರೇಫ ಳಕಾರಗಳೆರಡರ ನೆರೆಯಲ್ಲಿರುವ ಕಾರಣದಿಂದಲೇ ಪ್ರಾಚೀನರು ಇದನ್ನು ‘ರೞ’ ಎಂದು ಕರೆದರೆಂದು ಊಹಿಸಬಹುದು. ಎರಡು ಧ್ವನಿಗಳ ನಡುವೆ ನಿಂತ ಈ ವರ್ಣವು ಮುಂದೆ ಆ ಎರಡರಲ್ಲಿಯೇ ಲೀನವಾದುದು ಆಶ್ಚರ್ಯವಲ್ಲ.

ಹಳಗನ್ನಡದಲ್ಲಿ ಳಕಾರ ೞಕಾರಗಳ ಭೇದವು ಕೇವಲ ಉಚ್ಚಾರಣೆಯ ಸೊಗಸಿಗಾಗಿ ಇದ್ದುದಲ್ಲ. ಅರ್ಥವೇ ಅದನ್ನು ಅವಲಂಬಿಸಿದ್ದಿತು. ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಜೀವಿಸು, ಜೀವನ. ‘ಆಳ್’ ಎಂದರೆ ಒಡೆತನ ನಡೆಸು; ‘ಆೞ್’ ಎಂದರೆ ಮುಳುಗು. ‘ಕಳೆ’ ಎಂದರೆ ಪೈರಿನ ನಡುವೆ ಬೆಳೆಯುವ ಬೇಡದ ಸಸಿ. ‘ಕೞಿ’ ಎಂದರೆ ಗತಿಸು, ತೀರಿಹೋಗು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು, ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಗಣಿಸಲ್ಪಡುವ ಶಿಲಾಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಪದವು ಬಂದಿರುವುದು. ಕತ್ತಿಯನ್ನು ತೊಳೆಯುವುದೆಂದು ಇದರ ಅರ್ಥ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದವನಿಗೆ ಸಲ್ಲಿಸುವ ದತ್ತಿಗೆ ಈ ಹೆಸರು. ಈ ಒಂದೇ ಪದದೊಳಗೆ ಳಕಾರವೂ ೞಕಾರವೂ ತಂತಮ್ಮ ಸ್ಥಾನಗಳಲ್ಲಿ ನಿಂತಿರುವುದನ್ನು ನೋಡಿದರೆ, ಆ ಕಾಲದ ಲೇಖಕನಿಗೆ ಇವೆರಡೂ ಬೇರೆ ಬೇರೆಯೆಂಬುದರಲ್ಲಿ ಸಂದೇಹವೇ ಇರಲಿಲ್ಲವೆಂಬುದು ತಿಳಿಯುವುದು.

ಕೊಡಗಿನ ನೆಲದಲ್ಲಿಯೂ ಹಳಗನ್ನಡದ ಸಾಕ್ಷ್ಯಕ್ಕೆ ಕೊರತೆಯಿಲ್ಲ. ಪೊನ್ನಂಪೇಟೆಯನ್ನು ಒಳಗೊಂಡ ಕಿಗ್ಗಟ್ಟುನಾಡಿನಲ್ಲಿಯೇ ಗಂಗರ ಕಾಲದ ಎರಡು ಪ್ರಸಿದ್ಧ ಶಾಸನಗಳು ದೊರೆತಿರುವುವು. ಬಿಳಿಯೂರಿನದು ಶಕವರ್ಷ ೮೦೯, ಎಂದರೆ ಕ್ರಿ. ಶ. ೮೮೮ರದು, ಸತ್ಯವಾಕ್ಯ ಪೆರ್ಮಾನಡಿಯು ತನ್ನ ಆಳಿಕೆಯ ಹದಿನೆಂಟನೆಯ ವರ್ಷದಲ್ಲಿ ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವನಂದಿದೇವನಿಗೆ ಬಿಳಿಯೂರಿನ ಹಳ್ಳಿಗಳನ್ನು ಬಿಟ್ಟುಕೊಟ್ಟುದನ್ನು ಅದು ಹೇಳುವುದು. ಪೆಗ್ಗೂರಿನದು ಶಕವರ್ಷ ೮೯೯ರದು. ಗಂಗ ರಾಚಮಲ್ಲನ ತಮ್ಮನಾದ ರಕ್ಕಸನ ಕಾಲದ್ದು. ಗಂಗರ ಇಂಥ ದಾನಶಾಸನಗಳ ಅಂತ್ಯದಲ್ಲಿ, ದತ್ತಿಯನ್ನು ಕೆಡಿಸಿದವನು ಮಹಾಪಾತಕಿಯಾಗಲೆಂಬ ಶಾಪವಾಕ್ಯವು ಬರುವುದು ವಾಡಿಕೆ. ಆ ವಾಕ್ಯದಲ್ಲಿ ‘ನಾಶಮಾಡು’ ಎಂಬ ಅರ್ಥಕ್ಕೆ ಪ್ರಯೋಗಿಸುವ ಧಾತು ‘ಅೞಿ’. ನಾಶಮಾಡಿದವನನ್ನು ಶಪಿಸಲು ಯಾವ ಅಕ್ಷರವು ಬಳಕೆಯಾಯಿತೋ ಆ ಅಕ್ಷರವೇ ಮುಂದೆ ಅೞಿದುಹೋದುದು ವಿಧಿವಿಲಾಸವೆನ್ನಬೇಕು.

ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಸಂಸ್ಕೃತದಿಂದ ಬಂದು ಅಚ್ಚಗನ್ನಡಕ್ಕೆ ಬೇಡವಾದ ಅಕ್ಷರಗಳನ್ನು ಕಳೆದು ಕನ್ನಡದ ಶುದ್ಧಾಕ್ಷರಗಳು ೪೭ ಎಂದು ಎಣಿಸಿರುವನು. ಹ್ರಸ್ವಗಳಾದ ಎ, ಒ ಎಂಬ ಸ್ವರಗಳನ್ನೂ ಱ, ೞ, ಳ ಎಂಬ ವ್ಯಂಜನಗಳನ್ನೂ ದೇಶೀಯಗಳೆಂದು ಬೇರ್ಪಡಿಸಿರುವನು. ೞಕಾರಕ್ಕೆ ‘ರೞ’ವೆಂದೂ, ಕನ್ನಡದ ಸಹಜವಾದ ಳಕಾರಕ್ಕೆ ‘ಕುಳ’ವೆಂದೂ, ಸಂಸ್ಕೃತದ ಲಕಾರಕ್ಕೆ ಬದಲಾಗಿ ಬರುವ ಳಕಾರಕ್ಕೆ ‘ಕ್ಷಳ’ವೆಂದೂ ಅವನ ಸಂಜ್ಞೆಗಳು. ಕನ್ನಡಕಾವ್ಯದಲ್ಲಿ ಪ್ರತಿಪಾದದ ಎರಡನೆಯ ವ್ಯಂಜನವು ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮವಿರುವುದರಿಂದ, ರೞಕುಳಗಳ ಭೇದವನ್ನು ಅರಿಯದ ಕವಿಯು ಪ್ರಾಸದೋಷಕ್ಕೆ ಗುರಿಯಾಗುತ್ತಿದ್ದನು. ಆದಕಾರಣ ಕೇಶಿರಾಜನು ೞಕಾರವುಳ್ಳ ಪದಗಳನ್ನು ಆಯ್ದು ಪಟ್ಟಿಮಾಡಿಯೇ ತೋರಿಸಬೇಕಾಯಿತು. ಬಾಯಿಯಲ್ಲಿ ಜೀವಂತವಾಗಿರುವ ಭೇದಕ್ಕೆ ಪಟ್ಟಿಯು ಬೇಕಾಗುವುದಿಲ್ಲ. ಪಟ್ಟಿಯು ಬೇಕಾಯಿತೆಂದ ಮೇಲೆ, ಅಷ್ಟುಹೊತ್ತಿಗೆ ಆ ಭೇದವು ಜನರ ನಾಲಗೆಯನ್ನು ಬಿಟ್ಟು ವಿದ್ವಾಂಸರ ಸ್ಮರಣೆಯನ್ನು ಆಶ್ರಯಿಸಿದ್ದಿತೆಂದು ತಿಳಿಯಬೇಕು.

ೞಕಾರವು ಕಣ್ಮರೆಯಾದುದು ಎರಡು ಹಾದಿಗಳಲ್ಲಿ. ಸ್ವರಗಳ ನಡುವೆಯೂ ಪದಾಂತದಲ್ಲಿಯೂ ಅದು ಳಕಾರವಾಯಿತು: ಮೞೆಯು ಮಳೆಯಾಯಿತು, ಬಾೞೆಯು ಬಾಳೆಯಾಯಿತು, ಪೇೞ್ ಎಂಬುದು ಹೇಳು ಎಂದಾಯಿತು. ಬೇರೊಂದು ವ್ಯಂಜನದ ಹಿಂದೆ ನಿಂತಾಗ ಅದು ಮೊದಲು ರೇಫವಾಗಿ, ಅನಂತರ ಆ ರೇಫವೂ ಮುಂದಿನ ವ್ಯಂಜನದಲ್ಲಿ ಬೆರೆತು ದ್ವಿತ್ವವಾಯಿತು: ಪೊೞ್ತು ಎಂಬುದು ಪೊರ್ತು ಎಂದಾಗಿ ಹೊತ್ತು ಎಂದಾಯಿತು, ಕೞ್ತೆಯು ಕರ್ತೆಯಾಗಿ ಕತ್ತೆಯಾಯಿತು, ಗೞ್ದೆಯು ಗರ್ದೆಯಾಗಿ ಗದ್ದೆಯಾಯಿತು. ಕೊಡಗಿನ ರೈತನು ಪ್ರತಿವರ್ಷವೂ ನಾಟಿಮಾಡುವ ಗದ್ದೆಯ ಹೆಸರಿನೊಳಗೆ ೞಕಾರವೊಂದು ಹುದುಗಿರುವುದೆಂಬುದು ಈ ಪರಂಪರೆಯನ್ನು ಬಲ್ಲವರಿಗೆ ಮಾತ್ರ ಗೋಚರ. ‘ಹಳಗನ್ನಡ’ವೆಂಬ ಹೆಸರೇ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ‘ಪೞಗನ್ನಡ’ವೆಂದು ೞಕಾರದಿಂದಲೇ ಬರೆಯಲ್ಪಟ್ಟಿರುವುದು.

ಹೀಗೆ ಬಾಯಿಂದ ಮರೆಯಾದ ಅಕ್ಷರವನ್ನು ಪುನಃ ಕಣ್ಣಿಗೆ ತಂದವರು ಹತ್ತೊಂಬತ್ತನೆಯ ಶತಮಾನದ ಸಂಶೋಧಕರು. ಅವರಲ್ಲಿ ಇಬ್ಬರಿಗೆ ಕೊಡಗಿನೊಡನೆ ವಿಶೇಷ ಸಂಬಂಧವುಂಟು. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಮಹಾಶಯರು ಮಡಿಕೇರಿಯಲ್ಲಿ ಕೆಲವು ಕಾಲ ವಾಸಮಾಡಿಕೊಂಡಿದ್ದವರು, ೧೮೭೨ರಲ್ಲಿ ‘ಶಬ್ದಮಣಿದರ್ಪಣ’ವನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿ ಪ್ರಕಟಿಸಿದರು, ೧೮೯೪ರಲ್ಲಿ ಹೊರಬಂದ ತಮ್ಮ ಮಹಾನಿಘಂಟಿನಲ್ಲಿ ಹಳಗನ್ನಡ ಪದಗಳ ೞಕಾರವನ್ನು ಗುರುತಿಸಿ ತೋರಿಸಿದರು. ಲೂಯಿ ರೈಸ್ ಮಹಾಶಯರು ೧೮೮೬ರಲ್ಲಿ ಕೊಡಗಿನ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಮಹಾಮಾಲೆಗೆ ಅದೇ ಪ್ರಥಮಸಂಪುಟ. ಅಕ್ಷರವು ಅಚ್ಚಾಗಬೇಕಾದರೆ ಅದಕ್ಕೊಂದು ಸೀಸದ ಮೊಳೆಯು ಬೇಕು. ಮೊಳೆಯನ್ನು ಎರಕಹೊಯ್ಯುವವನು ಅದರ ಹೆಸರನ್ನು ಏನೆಂದು ಕರೆದರೂ ಬಾಧೆಯಿಲ್ಲ. ಮೊಳೆಜೋಡಿಸುವವನ ಕೈಗೆ ಸರಿಯಾದ ಮೊಳೆಯು ಸಿಕ್ಕಿದರೆ ಸಾಕು. ಇಪ್ಪತ್ತನೆಯ ಶತಮಾನದ ಅಂತ್ಯದಲ್ಲಿ ಬಂದ ಹೊಸ ಏರ್ಪಾಡಿನಲ್ಲಿ ಈ ಸ್ಥಿತಿಯು ಬದಲಾಯಿತು.

ಗಣಕಯಂತ್ರಕ್ಕೆ ಅಕ್ಷರದ ಆಕಾರವು ತಿಳಿಯದು. ಅದು ಬಲ್ಲುದು ಸಂಖ್ಯೆಯೊಂದನ್ನೇ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುವುದು. ಒಂದೊಂದು ದೇಶದವರು ಒಂದೊಂದು ಬಗೆಯಾಗಿ ಸಂಖ್ಯೆಗಳನ್ನು ಇಟ್ಟುಕೊಂಡರೆ ಒಬ್ಬರು ಬರೆದುದನ್ನು ಮತ್ತೊಬ್ಬರ ಯಂತ್ರವು ಓದಲಾರದು. ಈ ತೊಡಕನ್ನು ನಿವಾರಿಸಲು ಜಗತ್ತಿನ ಸಮಸ್ತ ಲಿಪಿಗಳಿಗೂ ಒಂದೇ ಸಂಖ್ಯಾಪಟ್ಟಿಯನ್ನು ಸಿದ್ಧಪಡಿಸುವ ಉದ್ದೇಶದಿಂದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಯೂನಿಕೋಡ್’ ಎಂಬ ಒಕ್ಕೂಟವು ೧೯೯೧ರಲ್ಲಿ ವಿಧಿವತ್ತಾಗಿ ಸ್ಥಾಪಿತವಾಯಿತು. ಅದೇ ವರ್ಷ ಅದರ ಪ್ರಥಮ ಆವೃತ್ತಿಯೂ ಹೊರಬಂದಿತು. ಭಾರತದ ಲಿಪಿಗಳ ವಿಷಯದಲ್ಲಿ ಆ ಒಕ್ಕೂಟವು, ಭಾರತ ಸರ್ಕಾರದ ಆಶ್ರಯದಲ್ಲಿ ೧೯೮೮ರಲ್ಲಿ ಸಿದ್ಧವಾದ ‘ಇಸ್ಕಿ’ ಎಂಬ ಸಂಕೇತಕ್ರಮವನ್ನು ಆಧಾರವಾಗಿ ಇಟ್ಟುಕೊಂಡಿತು.

ಆ ಕ್ರಮದ ತತ್ತ್ವವು ಸುಲಭವಾಗಿರುವುದು. ಭಾರತೀಯ ಲಿಪಿಗಳೆಲ್ಲವೂ ಬ್ರಾಹ್ಮಿಯ ಸಂತಾನಗಳಾದುದರಿಂದ ಅವುಗಳ ವರ್ಣಮಾಲೆಗಳ ಕ್ರಮವು ಬಹುಮಟ್ಟಿಗೆ ಒಂದೇ. ಒಂದೊಂದು ಲಿಪಿಗೂ ೧೨೮ ಆಸನಗಳ ಒಂದೊಂದು ಪಂಕ್ತಿ. ಎಲ್ಲ ಪಂಕ್ತಿಗಳಲ್ಲಿಯೂ ಸಮಾನ ಧ್ವನಿಗೆ ಸಮಾನ ಆಸನ. ದೇವನಾಗರಿಯ ಪಂಕ್ತಿಯು ೨೩೦೪ರಿಂದಲೂ, ತಮಿೞಿನದು ೨೯೪೪ರಿಂದಲೂ, ತೆಲುಗಿನದು ೩೦೭೨ರಿಂದಲೂ, ಕನ್ನಡದ್ದು ೩೨೦೦ರಿಂದಲೂ, ಮಲಯಾಳದ್ದು ೩೩೨೮ರಿಂದಲೂ ಆರಂಭವಾಗುವುದು. ಪಂಕ್ತಿಯ ಆದಿಯನ್ನು ಸೊನ್ನೆಯೆಂದು ಎಣಿಸಿದರೆ ೫೨ನೆಯ ಆಸನವು ೞಕಾರಕ್ಕೆ ಸಲ್ಲತಕ್ಕದ್ದು. ತಮಿೞಿನ ೞಕಾರವು ೨೯೯೬ರಲ್ಲಿ, ಮಲಯಾಳದ ೞಕಾರವು ೩೩೮೦ರಲ್ಲಿ ಇದೇ ನಿಯಮದಂತೆ ಕುಳಿತಿರುವುವು. ದ್ರಾವಿಡಪದಗಳನ್ನು ನಾಗರಿಯಲ್ಲಿ ಬರೆಯುವುದಕ್ಕಾಗಿ ಕಲ್ಪಿಸಿದ ಚುಕ್ಕೆಯ ೞಕಾರವು ಕೂಡ ದೇವನಾಗರಿಯ ಪಂಕ್ತಿಯಲ್ಲಿ ೨೩೫೬ರಲ್ಲಿ ಇರುವುದು. ಇದೇ ಲೆಕ್ಕದಿಂದ ಕನ್ನಡದ ೞಕಾರವು ೩೨೫೨ರಲ್ಲಿ ಇರಬೇಕಾಗಿದ್ದಿತು.

ಆದರೆ ಕನ್ನಡದ ಪಂಕ್ತಿಯಲ್ಲಿ ಆ ಆಸನವು ಬರಿದಾಗಿರುವುದು. ಕನ್ನಡದ ೞಕಾರವನ್ನು ಕೂರಿಸಿದುದು ೩೨೯೪ರಲ್ಲಿ, ಎಂದರೆ ೯೪ನೆಯ ಆಸನದಲ್ಲಿ. ದೇವನಾಗರಿಯಲ್ಲಿ ಆ ಆಸನವು ಯಾರದೆಂದು ನೋಡಿದರೆ, ಪಾರಸಿ ಅರಬ್ಬಿ ಪದಗಳಲ್ಲಿ ಬರುವ ‘ಫ಼’ ಎಂಬ ಧ್ವನಿಗಾಗಿ ಫಕಾರದ ಕೆಳಗೆ ಚುಕ್ಕೆಯಿಟ್ಟು ಬರೆಯುವ ಅಕ್ಷರದ್ದು. ಆಸನದೊಡನೆ ಹೆಸರೂ ಬಂದಿತು. ಕನ್ನಡದ ೞಕಾರವು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಫ’, ಎಂದರೆ ‘ಕನ್ನಡದ ಫ಼ ಎಂಬ ಅಕ್ಷರ’ ಎಂದು ದಾಖಲಾಯಿತು. ಚಿತ್ರದಲ್ಲಿ ಕಾಣುವುದು ರೞ. ಪಕ್ಕದಲ್ಲಿ ಬರೆದಿರುವ ಹೆಸರು ಫ಼. ಕೇಶಿರಾಜನು ದೇಶೀಯವೆಂದು ಆದರದಿಂದ ಎಣಿಸಿದ ವರ್ಣಕ್ಕೆ, ಹಳಗನ್ನಡವು ಎಂದೂ ಕಾಣದ ಪರದೇಶದ ಧ್ವನಿಯ ಹೆಸರು ಬಂದಂತಾಯಿತು.

ತಪ್ಪೆಂದು ತಿಳಿದ ಮೇಲೆ ತಿದ್ದಬಾರದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಕಾರಣವು ಆ ಪಟ್ಟಿಯ ಸ್ಥೈರ್ಯದಲ್ಲಿಯೇ ಇರುವುದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಾಯಿಸಿದರೆ, ಹಳೆಯ ಸಂಖ್ಯೆಯಿಂದ ಬರೆದಿಟ್ಟ ಗ್ರಂಥಗಳೆಲ್ಲವೂ ಓದಲಾರದಂತೆ ಆಗುವುವು. ಯಂತ್ರಕ್ಕೆ ಬರೆಯುವ ಕ್ರಮವಿಧಿಗಳಲ್ಲಿ ಅಕ್ಷರಗಳನ್ನು ಅವುಗಳ ಅಧಿಕೃತ ಹೆಸರುಗಳಿಂದಲೂ ಕರೆಯುವ ರೂಢಿಯಿರುವುದರಿಂದ ಹೆಸರನ್ನು ಬದಲಾಯಿಸಿದರೂ ಅನರ್ಥವೇ. ಆದುದರಿಂದ ೧೯೯೬ರ ಎರಡನೆಯ ಆವೃತ್ತಿಯಿಂದ ಮುಂದಕ್ಕೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಕೂಡದೆಂಬ ನಿಯಮವು ನೆಲೆಗೊಂಡಿತು. ಭೂಮಿಯ ದಸ್ತಾವೇಜಿನಲ್ಲಿ ಹೆಸರು ತಪ್ಪಾಗಿ ಬಿದ್ದರೆ ಮೂಲವನ್ನು ಅಳಿಸದೆ ತಿದ್ದುಪಡಿಯ ಪತ್ರವನ್ನು ಬರೆದು ಅದರೊಡನೆ ಸೇರಿಸುವ ಹಾಗೆ, ೨೦೦೬ರ ಐದನೆಯ ಆವೃತ್ತಿಯಲ್ಲಿ ಪರ್ಯಾಯನಾಮಗಳ ಒಂದು ಅಧಿಕೃತ ಪಟ್ಟಿಯು ಸಿದ್ಧವಾಯಿತು. ಅದರಲ್ಲಿ ಕನ್ನಡದ ಈ ಅಕ್ಷರದ ನಿಜವಾದ ಹೆಸರು ‘ಕನ್ನಡ ಲೆಟರ್ ಳ್ಳ್ಳ’ ಎಂಬರ್ಥದಲ್ಲಿ, ರೋಮನ್ ಲಿಪಿಯ ‘ಎಲ್’ ಅಕ್ಷರವನ್ನು ಮೂರು ಬಾರಿ ಬರೆದು, ತಿದ್ದುಪಡಿಯೆಂದು ದಾಖಲಾಗಿರುವುದು. ಲಕಾರಕ್ಕೆ ಒಂದು ‘ಎಲ್’, ಳಕಾರಕ್ಕೆ ಎರಡು, ೞಕಾರಕ್ಕೆ ಮೂರು ಎಂಬುದು ಆ ಪಟ್ಟಿಯ ಸಂಕೇತ. ಅಕ್ಷರಕೋಷ್ಟಕದಲ್ಲಿಯೂ, ಮೂಲದ ಹೆಸರು ತಪ್ಪೆಂಬ ಟಿಪ್ಪಣಿಯನ್ನು ಸೇರಿಸಿರುವರು.

ಇಂಥ ಅವಸ್ಥೆಯು ಕನ್ನಡಕ್ಕೆ ಮಾತ್ರ ಬಂದುದೆಂದು ಭಾವಿಸಬೇಕಾಗಿಲ್ಲ. ಲಾವೋಸ್ ದೇಶದ ಲಿಪಿಯಲ್ಲಿ ರೇಫಸ್ಥಾನದ ಅಕ್ಷರಕ್ಕೂ ಲಕಾರಕ್ಕೂ ಹೆಸರುಗಳು ಅದಲುಬದಲಾಗಿ ಬಿದ್ದು ಹಾಗೆಯೇ ಉಳಿದಿರುವುವು. ಇಂಗ್ಲಿಷಿನ ‘ಬ್ರಾಕೆಟ್’ ಎಂಬ ಮಾತೇ ಒಂದು ಚಿಹ್ನೆಯ ಹೆಸರಿನಲ್ಲಿ ಎರಡಕ್ಷರಗಳು ಹಿಂದುಮುಂದಾಗಿ ಬರೆಯಲ್ಪಟ್ಟು ಶಾಶ್ವತವಾಗಿ ನಿಂತಿರುವುದು. ಆ ಪಟ್ಟಿಯನ್ನು ಸಿದ್ಧಪಡಿಸಿದವರ ಸ್ವಂತ ಭಾಷೆಗೇ ಈ ಗತಿಯಾಗಿರುವಾಗ, ಕನ್ನಡದ ವಿಷಯದಲ್ಲಿ ದ್ವೇಷವನ್ನಾಗಲಿ ತಾತ್ಸಾರವನ್ನಾಗಲಿ ಆರೋಪಿಸುವುದು ಯುಕ್ತವಲ್ಲ.

ನೆರೆಯ ಭಾಷೆಗಳ ವೃತ್ತಾಂತವನ್ನು ಇದರೊಡನೆ ಹೋಲಿಸಿ ನೋಡುವುದು ಉಚಿತ. ತೆಲುಗಿನಲ್ಲಿಯೂ ಪ್ರಾಚೀನಶಾಸನಗಳಲ್ಲಿ ೞಕಾರವಿದ್ದು ಅನಂತರ ಲುಪ್ತವಾಯಿತು. ಅದು ಪಟ್ಟಿಗೆ ಸೇರಿದುದು ಬಹಳ ತಡವಾಗಿ, ೨೦೧೪ರಲ್ಲಿ. ಆದರೆ ತಡವಾಗಿ ಬಂದರೂ ತನ್ನದೇ ಆದ ೫೨ನೆಯ ಆಸನದಲ್ಲಿ, ತನ್ನದೇ ಆದ ಹೆಸರಿನಿಂದ ಕುಳಿತಿತು. ಮಲಯಾಳದಲ್ಲಿ ೞಕಾರವು ಮೊದಲಿನಿಂದಲೂ ಸುಸ್ಥಾನದಲ್ಲಿಯೇ ಇದ್ದಿತು. ಅವರ ತೊಡಕು ಬೇರೆ. ಸ್ವರವಿಲ್ಲದ ಕೆಲವು ವ್ಯಂಜನಗಳನ್ನು ಮಲಯಾಳಿಗಳು ‘ಚಿಲ್ಲು’ ಎಂಬ ವಿಶೇಷರೂಪದಲ್ಲಿ ಬರೆಯುವರು. ಇವುಗಳಿಗೆ ಪ್ರತ್ಯೇಕ ಸಂಖ್ಯೆಗಳು ಬೇಕೇ, ಅಥವಾ ವ್ಯಂಜನಕ್ಕೆ ಚಂದ್ರಕಲೆಯನ್ನೂ ಕಣ್ಣಿಗೆ ಕಾಣದ ಒಂದು ಸಂಯೋಜಕಚಿಹ್ನೆಯನ್ನೂ ಸೇರಿಸಿ ಸಾಧಿಸಿಕೊಂಡರೆ ಸಾಕೇ ಎಂಬ ವಿವಾದವು ಕೆಲವು ವರ್ಷಗಳವರೆಗೆ ನಡೆದು, ೨೦೦೮ರಲ್ಲಿ ಆರು ಚಿಲ್ಲುಗಳಿಗೆ ಪ್ರತ್ಯೇಕ ಸಂಖ್ಯೆಗಳು ದೊರೆತುವು. ೨೦೧೬ರಲ್ಲಿ ಇನ್ನೂ ಮೂರು ಸೇರಿದುವು. ಅವುಗಳಲ್ಲೊಂದು ಪ್ರಾಚೀನಲೇಖನಗಳಲ್ಲಿ ಕಾಣುವ ೞಕಾರದ ಚಿಲ್ಲು. ಒಂದು ಅಕ್ಷರದ ಅರ್ಧರೂಪಕ್ಕಾಗಿಯೂ ಇಷ್ಟು ವಿಚಾರಮಾಡಿದ ನೆರೆಯವರ ಶ್ರದ್ಧೆಯು ಶ್ಲಾಘ್ಯವಾದುದು. ಕನ್ನಡದಲ್ಲಿಯೂ ಇತ್ತೀಚೆಗೆ ಅಂಥ ಶ್ರದ್ಧೆಯ ಫಲವು ಕಾಣಬಂದಿರುವುದು: ಪ್ರಾಚೀನ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ವಿಶೇಷರೂಪವು ೨೦೨೧ರಲ್ಲಿ ‘ನಕಾರ ಪೊಲ್ಲು’ ಎಂಬ ತನ್ನ ದೇಶೀಯನಾಮದಿಂದಲೇ ಪಟ್ಟಿಗೆ ಸೇರಿತು.

ಹೆಸರಿನ ಈ ತಪ್ಪಿನಿಂದ ನಷ್ಟವೇನೆಂಬುದನ್ನು ವಿವೇಚಿಸಬೇಕು. ಯಂತ್ರದಲ್ಲಿ ಅಕ್ಷರಗಳನ್ನು ಹೆಸರಿನಿಂದ ಹುಡುಕುವ ವಿದ್ಯಾರ್ಥಿಗೆ ರೞವು ಅದರ ಅಧಿಕೃತ ಹೆಸರಿನಲ್ಲಿ ಸಿಕ್ಕುವುದಿಲ್ಲ; ‘ಫ’ ಎಂಬ ಹೆಸರನ್ನು ಕಂಡು ಇದು ಇಂಗ್ಲಿಷ್ ಪದಗಳ ಫ಼ಕಾರಕ್ಕಾಗಿ ಇರುವುದೆಂದು ಭ್ರಮಿಸುವ ಸಂಭವವೂ ಉಂಟು. ವಾಸ್ತವವಾಗಿ ಆ ಧ್ವನಿಗೆ ಕನ್ನಡದಲ್ಲಿ ಬೇರೆ ಏರ್ಪಾಡಿರುವುದು: ೨೦೦೩ರ ಆವೃತ್ತಿಯಲ್ಲಿ ಸೇರಿದ ಚುಕ್ಕೆಯ ಚಿಹ್ನೆಯನ್ನು ಫಕಾರಕ್ಕೆ ಹಚ್ಚಿ ಬರೆಯುವುದು. ಅಕಾರಾದಿಯಾಗಿ ಪದಗಳನ್ನು ಜೋಡಿಸುವ ಕಾರ್ಯಕ್ಕೆ ಮಾತ್ರ ಈ ತಪ್ಪು ಬಾಧಿಸುವುದಿಲ್ಲ; ಅದಕ್ಕೆ ಬೇರೊಂದು ಕೋಷ್ಟಕವಿದ್ದು, ಅದರಲ್ಲಿ ೞಕಾರವು ಳಕಾರದ ಅನಂತರವೇ ಬರುವುದು. ಬರೆಯುವವನೂ ಓದುವವನೂ ಆಕಾರವನ್ನೇ ನೋಡುವರಲ್ಲದೆ ಪಟ್ಟಿಯ ಹೆಸರನ್ನಲ್ಲ. ಸಂಖ್ಯೆಯು ಇರುವುದು, ಆಕಾರವು ಸರಿಯಾಗಿರುವುದು. ಇಷ್ಟರಮಟ್ಟಿಗೆ ಅಕ್ಷರವು ಸುರಕ್ಷಿತವೆಂದೇ ಹೇಳಬೇಕು.

ಇದಕ್ಕಿಂತ ದೊಡ್ಡ ಹಾನಿಯು ಬರುವುದಾದರೆ ಅದು ಪಟ್ಟಿಯಿಂದಲ್ಲ, ಕನ್ನಡಿಗರ ಅಸಡ್ಡೆಯಿಂದ. ಪ್ರಾಚೀನಕಾವ್ಯಗಳನ್ನೂ ಶಾಸನಗಳನ್ನೂ ನಿಘಂಟುಗಳನ್ನೂ ಯಂತ್ರದೊಳಕ್ಕೆ ಇಳಿಸುವ ಕಾರ್ಯವು ಈ ಕಾಲದಲ್ಲಿ ನಡೆಯುತ್ತಿರುವುದು. ಮುಂದಿನ ತಲೆಮಾರಿನವರು ಪಂಪನನ್ನೂ ರನ್ನನನ್ನೂ ಓದುವುದು ಬಹುಶಃ ಆ ಪ್ರತಿಗಳಿಂದಲೇ. ಅಕ್ಷರದ ಪರಿಚಯವಿಲ್ಲದೆ ಪ್ರತಿಮಾಡುವವನು ೞಕಾರವನ್ನು ಕಂಡಲ್ಲೆಲ್ಲ ಳಕಾರವನ್ನು ಬರೆದನಾದರೆ, ಜೀವಿಸಬೇಕಾದವನ ಕೈಗೆ ಕತ್ತಿಯು ಬರುವುದು, ಮುಳುಗಿದವನು ಆಳತೊಡಗುವನು, ಪ್ರಾಸವು ಕೆಟ್ಟಂತೆ ತೋರದಿದ್ದರೂ ಅದರ ಹಿಂದಿದ್ದ 800 ವರ್ಷಗಳ ಶಿಸ್ತು ಕಣ್ಮರೆಯಾಗುವುದು. ‘ಪೞಗನ್ನಡ’ವೆಂಬ ಪದವನ್ನು ಯಂತ್ರದಲ್ಲಿ ಹುಡುಕಿದವನಿಗೆ, ‘ಪಳಗನ್ನಡ’ವೆಂದು ಬರೆದಿಟ್ಟ ಗ್ರಂಥದಲ್ಲಿ ಅದು ಸಿಕ್ಕುವುದಿಲ್ಲ. ತಾಳೆಗರಿಯ ಕಾಲದಲ್ಲಿ ಒಬ್ಬ ಲಿಪಿಕಾರನ ತಪ್ಪು ಒಂದು ಪ್ರತಿಯಲ್ಲಿ ಉಳಿದು, ಬೇರೆ ಪ್ರತಿಗಳ ಸಹಾಯದಿಂದ ಅದನ್ನು ತಿದ್ದುವ ಅವಕಾಶವಿದ್ದಿತು. ಈಗಿನ ಯಂತ್ರದಲ್ಲಿ ಒಂದು ತಪ್ಪುಪ್ರತಿಯು ಕ್ಷಣಮಾತ್ರದಲ್ಲಿ ಸಾವಿರ ಪ್ರತಿಗಳಾಗಿ ಹರಡಿ, ಸರಿಯಾದ ಪಾಠವು ಯಾವುದೆಂಬುದೇ ಮರೆತುಹೋಗುವುದು.

ಕೊಡಗಿನ ಮನೆಗಳಿಗೆ ಈ ವಿಷಯವು ದೂರದ್ದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಕೊಡವರ ಹಾಡು, ಗಾದೆ, ಪದ್ಧತಿಗಳ ಭಂಡಾರವೆಂಬುದು ಸರ್ವವಿದಿತ. ಆ ‘ಪಳಮೆ’ ಎಂಬ ಪದವು ತಮಿೞಿನ ‘ಪೞಮೈ’, ಮಲಯಾಳದ ‘ಪೞಮ’ ಎಂಬುವುಗಳ ಸೋದರಿ. ಹಳಗನ್ನಡದ ‘ಪೞ’ ಎಂಬುದರ ಬಂಧು. ಹಳಮೆ, ಪ್ರಾಚೀನತೆ ಎಂಬ ಅರ್ಥವುಳ್ಳದ್ದು. ಕೊಡವ ತಕ್ಕಿನ ನಾಲಗೆಗೆ ಅದು ಳಕಾರವೇ ಆದುದರಿಂದ ಚಿಣ್ಣಪ್ಪನವರು ಅದನ್ನು ಳಕಾರದಿಂದ ಬರೆದುದು ಸರಿಯೇ. ಆದರೆ ಆ ಳಕಾರದ ಹಿಂದೆ ಯಾವ ಅಕ್ಷರವು ನಿಂತಿರುವುದೆಂಬುದನ್ನು ತಿಳಿದವರಿಗೆ, ಕುಟ್ಟದ ಗಡಿಯ ಆಚೆಯ ಮೞಗೂ ಈಚೆಯ ಮಳೆಗೂ, ಬಿಳಿಯೂರಿನ ಕಲ್ಲಿನ ಭಾಷೆಗೂ ಮನೆಯ ಗಾದೆಗೂ ಇರುವ ನಂಟು ಸ್ಪಷ್ಟವಾಗುವುದು.

ಅಂತರರಾಷ್ಟ್ರೀಯ ಪಟ್ಟಿಯಲ್ಲಿ ೩೨೯೪ನೆಯ ಸಂಖ್ಯೆಯ ಎದುರಿಗೆ ‘ಫ’ ಎಂಬ ಹೆಸರು ಇನ್ನು ಮುಂದೆಯೂ ಇದ್ದೇ ಇರುವುದು. ಅದನ್ನು ತೆಗೆಯಿಸುವುದು ಯಾರಿಂದಲೂ ಸಾಧ್ಯವಿಲ್ಲ. ಶಾಲೆಗಳಲ್ಲಿ ಹಳಗನ್ನಡವನ್ನು ಬೋಧಿಸುವ ಉಪಾಧ್ಯಾಯರು ಱಕಾರ ೞಕಾರಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದು, ಹಳೆಯ ಗ್ರಂಥಗಳನ್ನು ಯಂತ್ರಕ್ಕೆ ಇಳಿಸುವವರು ಮೂಲದಲ್ಲಿದ್ದ ಅಕ್ಷರವನ್ನೇ ಇಳಿಸುವುದು, ಸಂಪಾದಕರು ಕರಡನ್ನು ತಿದ್ದುವಾಗ ಈ ಭೇದವನ್ನು ಗಮನಿಸುವುದು, ಇಷ್ಟು ಮಾತ್ರ ಕನ್ನಡಿಗರ ಕೈಯಲ್ಲಿರುವುದು. ಇಷ್ಟು ನಡೆದರೆ, ಪಟ್ಟಿಯಲ್ಲಿನ ಹೆಸರು ಏನೇ ಇದ್ದರೂ, ಕೇಶಿರಾಜನು ರೞವೆಂದು ಕರೆದ ಅಕ್ಷರವು ರೞವಾಗಿಯೇ ಉಳಿಯುವುದು.